ನಮ್ಮೂರ ಶಿಲ್ಪಕ್ಕೂ ಒಂದು ಉತಾರ ಬೇಕ್ರಿ

(1/4)
ಮನೆಯ ಹೊಲದ ಉತಾರ ನೋಡಬೇಕಂದ್ರ ಈಗ ಯಾರ ಕೈಕಾಲೂ ಹಿಡಿಯೂದು ಬ್ಯಾಡ. ಸರ್ವೆ ನಂಬರ್ ಗೊತ್ತಿದ್ರ ಮೊಬೈಲ್‌ನ್ಯಾಗ ಕಾಣತೈತಿ. ಯಾರ ಹೊಲ, ಎಷ್ಟು ಎಕರೆ, ಎಲ್ಲಾ ಬಹಿರಂಗ. ಹತ್ತು ಮಂದಿ ನೋಡೋ ದಾಖಲೆಯನ್ನ ಗುಟ್ಟಾಗಿ ತಿದ್ದೋದು ಕಷ್ಟ.

ಈಗ ಹೇಳ್ರಿ. ನಮ್ಮ ಅಮೃತೇಶ್ವರ ಗುಡಿ ಗೋಡೆಯ ಒಂದು ಶಿಲ್ಪ ನಾಳೆ ಕಾಣೆಯಾತು, ಹತ್ತು ವರ್ಷ ಬಿಟ್ಟು ಯಾವುದೋ ದೇಶದ ಮ್ಯೂಸಿಯಂನ್ಯಾಗ ಸಿಕ್ತು ಅಂತ ಅನ್ಕೋರಿ. "ಇದು ಅಣ್ಣಿಗೇರಿದು" ಅಂತ ತೋರಿಸಾಕ ನಮ್ಮ ಕೈಯಾಗ ಏನೈತಿ? ನಿಮ್ಮ ಗ್ಯಾಲರಿ ತಗದು ನೋಡ್ರಿ. ಮುಂದ ನಾವು, ಹಿಂದ ಬ್ಲರ್ ಆದ ಕಂಬ!

(2/4)
ಇದು ಸುಮ್ನ ಹೆದರಿಸೋ ಮಾತಲ್ಲ. ತಮಿಳುನಾಡಿನ ಶ್ರೀಪುರಂದಾನ್ ಅನ್ನೋ ಹಳ್ಳಿಯ ಗುಡಿಯಿಂದ ಚೋಳರ ಕಾಲದ ಕಂಚಿನ ನಟರಾಜ ಕಳುವಾಗಿತ್ತು. 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಅದನ್ನ ಸುಮಾರು 50 ಲಕ್ಷ ಡಾಲರ್ ಕೊಟ್ಟು ಖರೀದಿ ಮಾಡಿತ್ತು. ಮಾರಿದವರ ಹತ್ರ ಕಾಗದ ಇದ್ದವು, ಆದ್ರ ಖೊಟ್ಟಿ ಕಾಗದ. ಆ ಮೂರ್ತಿ ಯಾವ ಊರಿಂದು ಅಂತ ಗುರುತಿಸಾಕ ದೊಡ್ಡ ಸಾಕ್ಷಿ ಆಗಿದ್ದು ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್‌ನ ಫೋಟೋ ಸಂಗ್ರಹ. ಕಳುವಾಗೋಕಿಂತ ಮೊದಲ ಯಾರೋ ಶ್ರದ್ಧೆಯಿಂದ ತೆಗೆದು, ಊರಿನ ಹೆಸರು ಬರೆದಿಟ್ಟ ಫೋಟೋ. 2014ರ ಸೆಪ್ಟೆಂಬರ್‌ನಲ್ಲಿ ನಟರಾಜ ಭಾರತಕ್ಕೆ ವಾಪಸ್ ಬಂದ.

"ಎಲ್ಲಾ ಆನ್‌ಲೈನ್ ಹಾಕಿದ್ರ ಕಳ್ಳರಿಗೆ ದಾರಿ ತೋರಿಸಿದಂಗ ಅಲ್ವಾ?" ಅಂತ ಕೇಳಬಹುದು. ಕಳ್ಳನಿಗೆ ಗುಡಿಯ ದಾರಿ ಮೊದಲ ಗೊತ್ತಿರತೈತಿ. ಮಾರೂ ಮುಂದ ಅವನಿಗೆ ಅಡ್ಡ ಬರೋದು ಫೋಟೋ. ಅದೂ ಎಲ್ಲರಿಗೂ ಕಾಣೋ ಫೋಟೋ. ಕಪಾಟಿನ್ಯಾಗ ಬೀಗ ಹಾಕಿಟ್ಟಿದ್ದಲ್ಲ.

(3/4)
ಕಳುವಿನ ಮಾತು ಬಿಡ್ರಿ, ಓದೋರಿಗೂ ಇದು ಬೇಕು. ಅಮೃತೇಶ್ವರ ಗುಡಿ ಕಟ್ಟಿದ್ದು ಸುಮಾರು 1050ರಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಾಗ. 76 ಕಂಬ. ಮರಳುಗಲ್ಲು ಬಿಟ್ಟು ಬಳಪದ ಕಲ್ಲಿನಲ್ಲಿ ಕಟ್ಟಿದ ಮೊದಲ ಗುಡಿಗಳ ಸಾಲಿನಲ್ಲಿ ನಮ್ಮೂರಿನ ಹೆಸರು ಬರತೈತಿ. ಮುಂದ ಇಟಗಿಯ ಮಹಾದೇವ ಗುಡಿಯಲ್ಲಿ, 1112ರ ಹೊತ್ತಿಗೆ, ಆ ಕಲ್ಲಿನ ಕೆಲಸ ಎಷ್ಟು ನಾಜೂಕಾತು ಅಂತ ತಿಳೀಬೇಕಂದ್ರ ಎರಡೂ ಗುಡಿಯ ಫೋಟೋ ಪಕ್ಕಪಕ್ಕ ಇಟ್ಟು ನೋಡಬೇಕು. ಹೆನ್ರಿ ಕಸಿನ್ಸ್ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ಬರೆದ ಪುಸ್ತಕ 1926ರದು. ನಮ್ಮ ಕಾಯ್ದೆ ಪ್ರಕಾರ ಸರ್ಕಾರಿ ಪ್ರಕಟಣೆಯ ಕಾಪಿರೈಟ್ 60 ವರ್ಷ. ಅಂದ್ರ ಅದರ ಅವಧಿ ಮುಗಿದು ಎಷ್ಟೋ ಕಾಲ ಆತು. ಇವತ್ತು ಅದು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗತೈತಿ.

ಹೊರಗಿನವರೂ ಬಾಗಿಲು ತೆಗೀತಿದಾರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನ ಯಾರು ಬೇಕಾದ್ರೂ ಬಳಸ್ರಿ ಅಂತ ಬಿಟ್ಟುಕೊಟ್ಟಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ 1917ರಿಂದ ಬೆಳೆಸಿಕೊಂಡು ಬಂದ ಮಧ್ಯಯುಗದ ಕಲೆಯ ಸೂಚಿಗೆ ಚಂದಾ ಕಟ್ಟಬೇಕಿತ್ತು. 2023ರ ಜುಲೈನಿಂದ ಅದೂ ಎಲ್ಲರಿಗೂ ಪುಕ್ಕಟೆ.

ನಮ್ಮ ಗುಡಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂದ್ರ ಖರ್ಚು ನಮ್ಮ ತೆರಿಗೆಯದು. ಇಂಥ ಗುಡಿಗಳ ಫೋಟೋ ಸರ್ಕಾರಿ ದುಡ್ಡಿನಾಗ ತೆಗೆದಿದ್ರ ಅದಕ್ಕ ಲಾಗಿನ್ ಇರಬಾರದು, ವಾಟರ್‌ಮಾರ್ಕ್ ಇರಬಾರದು, ದೊಡ್ಡ ಸೈಜಿನಲ್ಲೇ ಸಿಗಬೇಕು. ಒಂದು ಸಲ ಸ್ಕ್ಯಾನ್ ಮಾಡಿ ಹಾಕಿದ ಫೋಟೋವನ್ನ ಇನ್ನೊಬ್ಬರು ಇಳಿಸಿಕೊಂಡ್ರ ಖರ್ಚೇನು ಹೆಚ್ಚಾಗೂದಿಲ್ಲ. ಧಾರವಾಡಕ್ಕ ಹೋಗಿ ಎಂ.ಎ. ಮಾಡೋ ನಮ್ಮೂರ ಹುಡುಗಿಗೂ, ಲಂಡನ್ನಿನ ಪ್ರೊಫೆಸರಿಗೂ ಅದೇ ಫೋಟೋ ಸಿಗಲಿ.

(4/4)
ಬಿ.ಕಾಂ. ದೋಸ್ತ್ರ, ಇದು ನಿಮಗ. ಜರ್ನಲ್ ಎಂಟ್ರಿ ಬರದು ಕೆಳಗ ನರೇಷನ್ ಬಿಟ್ರ ಏನಾಕ್ಕೈತಿ? ಅಂಕಿ ಇರತೈತಿ, ಯಾತಕ್ಕ ಅಂತ ತಿಳಿಯೂದಿಲ್ಲ. ಹೆಸರಿಲ್ಲದ ಫೋಟೋನೂ ಹಂಗ. ಬಾಗಿಲು ತೆರೆದ್ರ ಅರ್ಧ ಕೆಲಸ ಅಷ್ಟ. ಊರು, ಗುಡಿ, ಯಾವ ದಿಕ್ಕಿನ ಗೋಡೆ, ಯಾವ ಮೂರ್ತಿ, ತೆಗೆದ ದಿನ, ಇಷ್ಟು ಬರೆದಿರಬೇಕು. ಅದೂ ಕನ್ನಡದಾಗ ಹುಡುಕಿದ್ರ ಸಿಗೋ ಹಂಗ. ಇಂಗ್ಲಿಷ್‌ನ್ಯಾಗ ಒಬ್ಬರು ಅಣ್ಣಿಗೇರಿ ಅಂತಾರ, ಇನ್ನೊಬ್ಬರು ಅಣ್ಣಿಗೆರೆ. ಕನ್ನಡ ಹೆಸರಿದ್ರ ತಪ್ಪೂದಿಲ್ಲ.

ಇಲಾಖೆ ಮಾಡೂತನಕ ಕಾಯೂದು ಬ್ಯಾಡ. ಮುಂದಿನ ಸಲ ಗುಡಿಗೆ ಹೋದಾಗ ಸೆಲ್ಫಿ ತಗೋರಿ, ಬ್ಯಾಡ ಅನ್ನೂದಿಲ್ಲ. ಜೊತಿಗೆ ಹೊರಗೋಡೆಯ ಐದು ಶಿಲ್ಪ ನೇರ ನಿಂತು ಸ್ಪಷ್ಟ ತೆಗೀರಿ. ಮುಟ್ಟಬ್ಯಾಡ್ರಿ, ಅರಿಶಿನ ಕುಂಕುಮ ಸವರಬ್ಯಾಡ್ರಿ. ಒಳಗ ತೆಗೆಯೋಕ ಮೊದಲ ಅರ್ಚಕರನ್ನ ಕೇಳ್ರಿ. ವಿಕಿಮೀಡಿಯಾ ಕಾಮನ್ಸ್‌ಗೆ ಕನ್ನಡ ವಿವರ ಬರೆದು ಹಾಕ್ರಿ. ಅಲ್ಲಿ ಹಾಕಿದ್ದನ್ನ ಯಾರು ಬೇಕಾದ್ರೂ ಬಳಸಬಹುದು, ಅದನ್ನ ಒಪ್ಪಿಕೊಂಡೇ ಹಾಕ್ರಿ. ಇಲ್ಲಿ ಹಾಕೋ ಸ್ಟೋರಿ 24 ತಾಸಿಗೆ ಹೋಗತೈತಿ.

ಹೊಲದ ಉತಾರ ಇಲ್ಲಂದ್ರ ಮನ್ಯಾಗ ನಿದ್ದಿ ಬರೂದಿಲ್ಲ. ಸಾವಿರ ವರ್ಷದ ಗುಡಿಗೆ ಇಲ್ಲದಿದ್ರ ನಾವು ಹೆಂಗ ಆರಾಮ ಇದೀವಿ? ಮೊದಲ ಯಾವ ಗೋಡೆ ಹಿಡಿಯೂಣು, ಕಾಮೆಂಟ್‌ನ್ಯಾಗ ಹೇಳ್ರಿ.

#ಅಣ್ಣಿಗೇರಿ #ಅಮೃತೇಶ್ವರ #ಶಿಲ್ಪದಉತಾರ