ಕೌದಿಯೂ ಮನಃಸ್ವಾಸ್ಥ್ಯವೂ

ಮನಸ್ಸು ಮೊದಲು ಪ್ರಸನ್ನವಾಗಬೇಕು, ಸೃಷ್ಟಿಕಾರ್ಯವು ಅದರ ಬೆನ್ನಿಗೆ ಬರತಕ್ಕದ್ದು ಎಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ಕೊಪ್ಪಳ ಜಿಲ್ಲೆಯ ತಾವರಗೇರಾದ ಓಣಿಗಳಲ್ಲಿ ಬೇಸಗೆಯ ಮಧ್ಯಾಹ್ನ ಕಟ್ಟೆಯ ನೆರಳಿಗೆ ಕುಳಿತು, ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುವ ಹೆಣ್ಣುಮಕ್ಕಳನ್ನು ಕಂಡವರಿಗಾದರೋ ಈ ಕ್ರಮವು ತಲೆಕೆಳಗಾದುದೆಂದು ತೋರದಿರದು. ಮನೆಯೊಳಗಿನ ಮುನಿಸು, ಗುಳೆ ಹೋದ ಮಗನ ಚಿಂತೆ, ಕೈಕೊಟ್ಟ ಮಳೆ ಇವೆಲ್ಲವನ್ನೂ ಹೊತ್ತುಕೊಂಡೇ ಅವರು ಸೂಜಿಗೆ ದಾರ ಪೋಣಿಸುವರು. ಇಳಕಲ್ಲಿನ ಕೆಂಪು ಸೆರಗಿನ ತುಂಡನ್ನು ನಡುವೆ ಇಡುವುದೋ ಅಂಚಿಗೆ ಒಯ್ಯುವುದೋ ಎಂಬ ಪ್ರಶ್ನೆ ಹುಟ್ಟಿದೊಡನೆ ಚಿತ್ತವು ಒಂದೆಡೆ ನಿಲ್ಲುತ್ತದೆ. ಗೇಣುದ್ದ ಹೊಲಿಗೆ ಸಾಗುವುದರೊಳಗೆ ಮಾತು ಬಿಚ್ಚಿಕೊಳ್ಳುತ್ತದೆ, ಮಾತಿನೊಡನೆ ಅಳಲೂ. ದುಃಖವು ಅಳಿಯಿತೆಂದು ನಾನು ಹೇಳಲಾರೆ. ಅದು ಹೊರಬಹುದಾದಷ್ಟು ಹಗುರವಾಗುವುದೆಂದು ಮಾತ್ರ ಹೇಳಬಲ್ಲೆ.

ಈ ಅನುಭವಕ್ಕೆ ಶಾಸ್ತ್ರದ ಸಾಕ್ಷ್ಯವೂ ಇಲ್ಲದಿಲ್ಲ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾನಿಲಯದ ಟ್ಯಾಮ್ಲಿನ್ ಕಾನರ್ ಮತ್ತು ಅವರ ಸಹಸಂಶೋಧಕರು 658 ಮಂದಿ ತರುಣ ತರುಣಿಯರಿಂದ 13 ದಿನಗಳ ಕಾಲ ದಿನಚರಿ ಬರೆಯಿಸಿ, 2016ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಎಂದಿಗಿಂತ ಹೆಚ್ಚಾಗಿ ಏನಾದರೊಂದನ್ನು ಸೃಜಿಸಿದ ದಿನದ ಮಾರನೆಯ ದಿನ ಅವರಲ್ಲಿ ಉತ್ಸಾಹವೂ ಬಾಳಿನ ಸಾರ್ಥಕ್ಯಭಾವವೂ ಅಧಿಕವಾಗಿದ್ದುವು. ಇಂದಿನ ಉಲ್ಲಾಸವಾದರೋ ನಾಳಿನ ಸೃಷ್ಟಿಗೆ ಮುನ್ಸೂಚನೆಯಾಗಲಿಲ್ಲ. ಸಂಶೋಧಕರು ಲೆಕ್ಕಕ್ಕೆ ಹಿಡಿದ ಸೃಷ್ಟಿಯಲ್ಲಿ ಕಾವ್ಯ ಚಿತ್ರಗಳಂತೆಯೇ ಹೆಣಿಗೆಗೂ ಹೊಸ ಅಡುಗೆಗೂ ಸ್ಥಾನವಿದ್ದಿತು. ಪ್ರತಿಭೆಯನ್ನು ಮಹಾಕವಿಗಳಿಗೆ ಮಾತ್ರ ಮೀಸಲಿರಿಸುವ ನಮ್ಮ ವಿಮರ್ಶಕರು ಇದನ್ನು ಗಮನಿಸಬಹುದು.

ರೋಗಕ್ಕೆ ಕೌದಿ ಮದ್ದೆಂದು ವಾದಿಸುವುದು ಅವಿವೇಕ. ಮನೋರೋಗಚಿಕಿತ್ಸೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ತಂದ ಜಿಲ್ಲಾಮಟ್ಟದ ಪ್ರಯೋಗವು ನಿಮ್ಹಾನ್ಸ್ ಸಂಸ್ಥೆಯಿಂದ 1985ರಲ್ಲಿ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ ಮೊದಲಾಗಿ, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಆ ಚಿಕಿತ್ಸೆ ಇನ್ನೂ ವಿಸ್ತರಿಸಲಿ. ಆದರೆ ರೋಗಿಗಳಲ್ಲದ ಬಹುಜನರ ನಿತ್ಯದ ನೆಮ್ಮದಿ ಔಷಧದ ಅಧಿಕಾರಕ್ಕೆ ಸೇರಿದುದಲ್ಲ; ಬಿಡುವು, ನೆರಳು, ಜೊತೆ, ಕೈಗೊಂದು ಸ್ವತಂತ್ರ ಕೆಲಸ ಇವುಗಳಿಗೆ ಸೇರಿದುದು.

ಸ್ವತಂತ್ರ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಕೌದಿಗೆ ನಗರದಲ್ಲಿ ಬೆಲೆ ಬಂದುದು ಸಂತೋಷವೇ, ಬಡವರ ಮನೆಗೆ ನಾಲ್ಕು ಕಾಸು ಬರುವುದನ್ನು ಆಕ್ಷೇಪಿಸುವವನು ನಾನಲ್ಲ. ಆದರೆ ಬಣ್ಣವನ್ನೂ ವಿನ್ಯಾಸವನ್ನೂ ಗಿರಾಕಿಯೇ ಗೊತ್ತುಮಾಡಿ, ವಾಯಿದೆ ಹಾಕಿ ಹೊಲಿಸಿದ ಕೌದಿಯಿಂದ ಕೂಲಿ ದೊರೆತೀತು, ಆ ಹಗುರತನ ದೊರೆಯುವುದು ಸಂದೇಹ. ಪಟ್ಟಣ ಪಂಚಾಯಿತಿಯವರು ಓಣಿಗೊಂದು ನೆರಳಿನ ಕಟ್ಟೆಯನ್ನು ಉಳಿಸಿಕೊಟ್ಟರೆ ಅದೇ ದೊಡ್ಡ ಉಪಕಾರ. ಶಾಲೆಗಳವರಲ್ಲಿ ಮತ್ತೊಂದು ಬಿನ್ನಹವಿದೆ: ಪರೀಕ್ಷೆ ಸಮೀಪಿಸಿದೊಡನೆ ಚಿತ್ರಕಲೆಯ ತಾಸನ್ನು ಗಣಿತಕ್ಕೆ ಒಪ್ಪಿಸುವ ಪದ್ಧತಿಯನ್ನು ಅವರು ಕೈಬಿಡಬೇಕು, ಮಕ್ಕಳ ಎದೆ ಡವಗುಟ್ಟುವ ಆ ವಾರದಲ್ಲಿಯೇ ಅವರಿಗೆ ಬಣ್ಣದ ಪೆಟ್ಟಿಗೆಯ ಅಗತ್ಯ ಹೆಚ್ಚು.