ಕತ್ತರಿ ಇಡುವ ಮೊದಲು ಆಗಬೇಕಾದ ಮಾತು

ಹದಿನಾರರ ಹುಡುಗಿಯ ಹೊಟ್ಟೆ ಊದಿಕೊಂಡರೆ ನಮ್ಮಲ್ಲಿ ಮೊದಲು ಏಳುವುದು ಅನುಮಾನ. ಅಕ್ಕಪಕ್ಕದಲ್ಲಿ ಪಿಸುಮಾತು ಶುರುವಾಗುತ್ತದೆ, ಮನೆಯವರು ಕಂಗಾಲಾಗುತ್ತಾರೆ. ಅಂಡಾಶಯದ ಕೆಲವು ಗೆಡ್ಡೆಗಳು ಬಸುರಿಯರ ಮೈಯಲ್ಲಿ ಕಾಣುವ ಎಚ್‌ಸಿಜಿ ಹಾರ್ಮೋನನ್ನೇ ಸುರಿಸುವುದರಿಂದ ಮೂತ್ರ ಪರೀಕ್ಷೆಯಲ್ಲೂ ಎರಡು ಗೆರೆ ಮೂಡಿಬಿಡಬಹುದು. ಆಗ ಹುಡುಗಿ ಏನು ಹೇಳಿದರೂ ನಂಬುವವರಿಲ್ಲ. ಸ್ಕ್ಯಾನಿಂಗ್ ಆಗಿ ಅದು ಗೆಡ್ಡೆ ಎಂದು ತಿಳಿಯುವ ಹೊತ್ತಿಗೆ ಅವಮಾನ ಹೋಗಿ ಭಯ ಬಂದು ಕೂತಿರುತ್ತದೆ. “ಎಲ್ಲಾ ತೆಗೆದುಬಿಡಿ ಡಾಕ್ಟ್ರೇ, ಮಗಳ ಜೀವ ಉಳಿದ್ರೆ ಸಾಕು” ಎನ್ನುವ ತಾಯಿಯ ಪ್ರೀತಿಯನ್ನು ಯಾರೂ ಅನುಮಾನಿಸಲಾರರು. ಆದರೆ ಎಲ್ಲವನ್ನೂ ತೆಗೆಯುವ ಅಗತ್ಯ ಆ ವಯಸ್ಸಿನಲ್ಲಿ ಬಹಳ ಸಲ ಇರುವುದೇ ಇಲ್ಲ ಎಂಬುದನ್ನು ಅವಳಿಗೆ ಹೇಳಬೇಕಾದವರು ಹೇಳಬೇಕು.

ಗೆಡ್ಡೆಯನ್ನು ಬಸಿರೆಂದು ತಿಳಿದ ಪ್ರಸಂಗ ಅಂಡಾಶಯದ ಶಸ್ತ್ರಚಿಕಿತ್ಸೆಯ ಚರಿತ್ರೆಯ ಮೊದಲ ಪುಟದಲ್ಲೇ ಇದೆ. 1809ರಲ್ಲಿ ಅಮೆರಿಕದ ಕೆಂಟಕಿಯ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಗೆ ಹೆರಿಗೆಯ ದಿನ ಮೀರಿದೆ ಎಂದೇ ಅಲ್ಲಿನ ವೈದ್ಯರು ತಿಳಿದಿದ್ದರು. ಪರೀಕ್ಷಿಸಿ ಅಂಡಾಶಯದ ಗೆಡ್ಡೆ ಎಂದು ಗುರುತಿಸಿದವನು ಎಫ್ರೈಮ್ ಮೆಕ್‌ಡೊವೆಲ್ ಎಂಬ ವೈದ್ಯ. ಆಕೆ ಸುಮಾರು 60 ಮೈಲಿ ಕುದುರೆಯ ಮೇಲೆ ಅವನ ಊರಿಗೆ ಬಂದು, ಅರಿವಳಿಕೆ ಎಂಬುದೇ ಇಲ್ಲದ ಆ ಕಾಲದಲ್ಲಿ ಎಚ್ಚರವಿದ್ದೇ ಹೊಟ್ಟೆ ಕೊಯ್ಯಿಸಿಕೊಂಡಳು. ಹತ್ತು ಕಿಲೋ ತೂಕದ ಗೆಡ್ಡೆ ಹೊರಬಂತು. ಆಕೆ ಮತ್ತೆ ಮೂರು ದಶಕ ಬಾಳಿದಳು. ಅಲ್ಲಿಂದ ಮುಂದೆ ಬಹುಕಾಲ ಈ ಕ್ಷೇತ್ರದ ಗುರಿ ಒಂದೇ ಆಗಿತ್ತು: ಜೀವ ಉಳಿಸುವುದು. ಕ್ಯಾನ್ಸರ್ ಎಂದರೆ ಎರಡೂ ಅಂಡಾಶಯ, ಗರ್ಭಕೋಶ ಎಲ್ಲವನ್ನೂ ತೆಗೆಯುವುದೇ ರೂಢಿಯಾಯಿತು. ಬೇರೆ ದಾರಿ ಕಾಣದ ದಿನಗಳಲ್ಲಿ ಅದನ್ನು ತಪ್ಪೆನ್ನುವಂತೆಯೂ ಇರಲಿಲ್ಲ.

ದಾರಿ ತೆರೆದದ್ದು ಒಂದು ಔಷಧ. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ, ವಿದ್ಯುತ್ ಕ್ಷೇತ್ರದಲ್ಲಿ ಬ್ಯಾಕ್ಟೀರಿಯಾಗಳು ಹೇಗೆ ಬೆಳೆಯುತ್ತವೆ ಎಂದು ನೋಡುತ್ತಿದ್ದಾಗ ಅವು ವಿಭಜನೆಯಾಗುವುದನ್ನೇ ನಿಲ್ಲಿಸಿದವು. ಕಾರಣ, ಪ್ಲಾಟಿನಂ ವಿದ್ಯುದ್ವಾರಗಳಿಂದ ಹುಟ್ಟಿದ ಸಂಯುಕ್ತಗಳು. ಅಲ್ಲಿಂದ ಬಂದ ಸಿಸ್‌ಪ್ಲಾಟಿನ್‌ಗೆ 1978ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹದಿಹರೆಯದ ಹುಡುಗಿಯರಿಗೆ, ಇಪ್ಪತ್ತರ ಆಸುಪಾಸಿನವರಿಗೆ ಬರುವ ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಮುಖ್ಯವಾದವು ಅಂಡಾಣುಗಳ ಮೂಲಕೋಶದಿಂದ ಹುಟ್ಟುವ ಜರ್ಮ್ ಸೆಲ್ ಗೆಡ್ಡೆಗಳು. ಬ್ಲಿಯೊಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಸೇರಿದ ‘ಬಿಇಪಿ’ ಚಿಕಿತ್ಸೆಗೆ ಇವು ಚೆನ್ನಾಗಿ ಕರಗುತ್ತವೆ. ಆದ್ದರಿಂದ ಗೆಡ್ಡೆ ಇರುವ ಅಂಡಾಶಯವನ್ನೂ ಅದೇ ಬದಿಯ ಅಂಡನಾಳವನ್ನೂ ಮಾತ್ರ ತೆಗೆದು, ಇನ್ನೊಂದು ಅಂಡಾಶಯ ಮತ್ತು ಗರ್ಭಕೋಶವನ್ನು ಉಳಿಸಬಹುದು. ರೋಗ ಹೊಟ್ಟೆಯೊಳಗೆ ಹರಡಿದ್ದಾಗಲೂ ಇದನ್ನು ಪರಿಗಣಿಸಬಹುದು. ಚಿಕಿತ್ಸೆ ಮುಗಿದ ಮೇಲೆ ಹೆಚ್ಚಿನವರಿಗೆ ಮುಟ್ಟು ಮರಳುತ್ತದೆ. ಹಲವರು ಸಹಜವಾಗಿ ಗರ್ಭ ಧರಿಸುತ್ತಾರೆ.

ಆದರೆ ಉಳಿಸುವುದು ಅಥವಾ ಕಳೆಯುವುದು ತೀರ್ಮಾನವಾಗುವುದು ಮೊದಲ ಆಪರೇಷನ್ನಿನಲ್ಲೇ. ಚಿಕ್ಕ ವಯಸ್ಸಿನವಳ ಹೊಟ್ಟೆಯಲ್ಲಿ ಗಟ್ಟಿ ಗೆಡ್ಡೆ ಕಂಡರೆ ಕತ್ತರಿ ಹಿಡಿಯುವ ಮೊದಲೇ ಗೆಡ್ಡೆಯ ಬಗೆಯ ಸುಳಿವು ಕೊಡುವ ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ರಕ್ತಪರೀಕ್ಷೆ ಆಗಬೇಕು. ಗೆಡ್ಡೆಯನ್ನು ಒಡೆಯದೆ ಇಡಿಯಾಗಿ ತೆಗೆಯಬೇಕು. ಅನುಮಾನವಿದ್ದಲ್ಲಿ ಅದರ ಚೂರನ್ನು ಪೆಥಾಲಜಿ ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಅದನ್ನು ಹೆಪ್ಪುಗಟ್ಟಿಸಿ, ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದಡಿ ನೋಡಿ ಹೇಳುವವರೆಗೂ ಆಪರೇಷನ್ ಕೋಣೆಯಲ್ಲಿ ಕಾಯುತ್ತಾರೆ. ಆ ಉತ್ತರವೂ ಕೆಲವೊಮ್ಮೆ ಅಂತಿಮವಲ್ಲ. ಸಂದೇಹ ಉಳಿದರೆ ಕಡಿಮೆ ತೆಗೆದು, ಪೂರ್ತಿ ವರದಿ ಬಂದ ಮೇಲೆ ಬೇಕಿದ್ದರೆ ಮತ್ತೊಮ್ಮೆ ಮಾಡುವುದು ಲೇಸು. ತೆಗೆದದ್ದನ್ನು ಮರಳಿ ಇಡಲಾಗದು. ನೋಡಲು ಚೆನ್ನಾಗಿರುವ ಇನ್ನೊಂದು ಅಂಡಾಶಯವನ್ನು ‘ಯಾವುದಕ್ಕೂ ಇರಲಿ’ ಎಂದು ಕೊಯ್ದು ಪರೀಕ್ಷೆಗೆ ಕಳಿಸುವುದೂ ಸಲ್ಲದು. ಗಾಯ ಮಾಗುವಾಗ ಅಂಟಿಕೊಂಡು ಮುಂದೆ ಗರ್ಭಕ್ಕೇ ಅಡ್ಡಿಯಾದೀತು. ಹರೆಯದಲ್ಲಿ ಕಾಣುವ ಹೆಚ್ಚಿನ ಗೆಡ್ಡೆಗಳಂತೂ ಡರ್ಮಾಯ್ಡ್‌ನಂಥ ನಿರುಪದ್ರವಿಗಳು. ಅವನ್ನಷ್ಟೇ ಬಿಡಿಸಿ ಅಂಡಾಶಯ ಉಳಿಸಬಹುದಾದಲ್ಲಿ ಅಂಡಾಶಯವನ್ನೇ ಕಳೆದುಕೊಂಡರೆ ಅದು ಅನ್ಯಾಯ.

ಎಲ್ಲರಿಗೂ ಇದೇ ಮಾತು ಹೇಳಲಾಗದು. ನಿರುಪದ್ರವಿಗೂ ಕ್ಯಾನ್ಸರ್‌ಗೂ ನಡುವಿನ ಬಾರ್ಡರ್‌ಲೈನ್ ಗೆಡ್ಡೆಗಳಲ್ಲಿ ಅಂಡಾಶಯ ಉಳಿಸಿದರೆ ರೋಗ ಮರುಕಳಿಸುವ ಸಂಭವ ಹೆಚ್ಚು, ಆದರೂ ಆಯುಸ್ಸಿಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ವರ್ಷಗಟ್ಟಲೆ ತಪಾಸಣೆಗೆ ಬರುತ್ತಿರಬೇಕು. ಹೊರಪದರದಿಂದ ಹುಟ್ಟುವ ಎಪಿಥೀಲಿಯಲ್ ಕ್ಯಾನ್ಸರ್‌ನಲ್ಲಿ, ರೋಗ ಒಂದೇ ಅಂಡಾಶಯದೊಳಗಿದ್ದು ಉಗ್ರವಲ್ಲದ ಬಗೆಯದಾಗಿದ್ದರೆ ಈ ದಾರಿ ಇದೆ. ಹರಡಿದ್ದರೆ ಜೀವಕ್ಕೇ ಮೊದಲ ಸ್ಥಾನ. ಇದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಅಂಡಾಣುಗಳನ್ನು ಶೀತಲೀಕರಿಸಿ ಇಡಬಾರದೇ ಎಂದು ಕೇಳುವವರಿದ್ದಾರೆ. ಅದಕ್ಕೆ ಸುಮಾರು ಎರಡು ವಾರ ಬೇಕು. ವೇಗವಾಗಿ ಬೆಳೆಯುವ ಗೆಡ್ಡೆ ಅಷ್ಟು ದಿನ ಕಾಯಲಿಕ್ಕಿಲ್ಲ. ಗೆಡ್ಡೆ ಇರುವ ಅಂಡಾಶಯಕ್ಕೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೋಶಗಳು ಚೆಲ್ಲುವ ಭಯ. ಅಂಡಾಶಯದ ಅಂಗಾಂಶವನ್ನೇ ಶೀತಲೀಕರಿಸಿಟ್ಟು ಮರಳಿ ಕಸಿ ಮಾಡಿ ಮಗು ಪಡೆದ ಮೊದಲ ಪ್ರಕರಣ 2004ರಲ್ಲಿ ಬೆಲ್ಜಿಯಂನಲ್ಲಿ ವರದಿಯಾಯಿತು. ಆಕೆಗೆ ಇದ್ದದ್ದು ಲಿಂಫೋಮಾ. ಅಂಡಾಶಯದ್ದೇ ಕ್ಯಾನ್ಸರ್ ಆದರೆ ಕಸಿಯೊಡನೆ ರೋಗವೂ ಮರಳಬಹುದು. ನಮ್ಮ ದೇಶದ 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ಎಆರ್‌ಟಿ) ಕಾಯ್ದೆ ಈ ಸೇವೆಗಳ ವಿಷಯದಲ್ಲಿ 21 ವರ್ಷ ದಾಟಿದ ಮಹಿಳೆಯರನ್ನು ಕುರಿತೇ ಹೇಳುತ್ತದೆ. ಜರ್ಮ್ ಸೆಲ್ ಗೆಡ್ಡೆ ಕಾಡುವುದೋ ಬಹಳ ಸಲ ಅದಕ್ಕೂ ಚಿಕ್ಕವರನ್ನೇ. ಹಾಗಾಗಿ ಅವರ ಪಾಲಿಗೆ ಆಪರೇಷನ್ನಿನಲ್ಲಿ ಉಳಿಸಿದ ಅಂಡಾಶಯವೇ ದೊಡ್ಡ ಆಸ್ತಿ.

ಇದು ಮದುವೆ, ಮಕ್ಕಳ ಮಾತು ಮಾತ್ರವೂ ಅಲ್ಲ. ಎರಡೂ ಅಂಡಾಶಯ ಹೋದ ಇಪ್ಪತ್ತರ ಹುಡುಗಿಗೆ ಮರುದಿನದಿಂದಲೇ ಮುಟ್ಟು ನಿಂತವಳ ಕಷ್ಟಗಳು: ಮೈ ಬಿಸಿಯೇರುವುದು, ನಿದ್ದೆಗೇಡು, ವರ್ಷ ಕಳೆದಂತೆ ಸವೆಯುವ ಮೂಳೆ, ಹೃದಯಕ್ಕೆ ಹೆಚ್ಚುವ ಅಪಾಯ. ಮಕ್ಕಳು ಬೇಡವೆನ್ನುವವಳಿಗೂ ತನ್ನ ಅಂಡಾಶಯ ಬೇಕು.

ಸಮ್ಮತಿ ಪತ್ರಕ್ಕೆ ಅಪ್ಪ ಸಹಿ ಹಾಕುತ್ತಾನೆ, ಮದುವೆಯಾದವಳಾದರೆ ಗಂಡ. ಮಂಚದ ಮೇಲೆ ಮಲಗಿದವಳ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ‘ಅವಳಿಗೇಕೆ ಇದೆಲ್ಲ’ ಎಂಬ ಆ ಮರೆಮಾಚುವಿಕೆ ನಿಲ್ಲಬೇಕು. ಸ್ಕ್ಯಾನ್ ವರದಿ ಕೈಗೆ ಬಂದ ದಿನವೇ ಕುಟುಂಬ ಕೇಳಲಿ: ಯಾವ ಬಗೆಯ ಗೆಡ್ಡೆ, ಯಾವುದನ್ನು ಉಳಿಸಬಹುದು, ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಬಲ್ಲವರ ಬಳಿಗೆ ಹೋಗಬೇಕೇ? ಯಾರೂ ಕೇಳದಿದ್ದರೂ ವೈದ್ಯರು ಹೇಳಲಿ. ಹೇಳುವಾಗ ಆ ಹುಡುಗಿಯ ಮುಖ ನೋಡಿ ಹೇಳಲಿ. ಕ್ಯಾನ್ಸರ್ ಗೆದ್ದು ಅವಳು ಮುಂದೆ ಐವತ್ತು, ಅರವತ್ತು ವರ್ಷ ಬಾಳಬೇಕಾದವಳು. ಆ ಬದುಕು ಹೇಗಿರಬೇಕು ಎಂಬ ಮಾತಿನಲ್ಲಿ ಮೊದಲ ದನಿ ಅವಳದೇ ಆಗಿರಬೇಕು.