ಘಟಕದೊಡನೆ ಅದರ ಸ್ಕ್ರಿಪ್ಟೂ ಬರಲಿ

ಮಳವಳ್ಳಿ ತಾಲ್ಲೂಕಿನ ಕಿರುಗಾವಲು, ನೂರಾರು ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ಸೈಯದ್ ಘನಿ ಖಾನರ ಊರು. ಅಲ್ಲಿಯ ವಿದ್ಯಾರ್ಥಿಯೊಬ್ಬನು ಆ ತಳಿಗಳ ವಿಷಯವಾಗಿ ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಕಂಪ್ಯೂಟರಿನ ಮುಂದೆ ಕುಳಿತನೆಂದು ಭಾವಿಸೋಣ. ಬರೆಯುವ ಚೌಕದಲ್ಲಿ ಕನ್ನಡ ಕೀಲಿಮಣೆಯನ್ನು ಆರಿಸಿದೊಡನೆ, ಅವನು ಒತ್ತಿದ ಇಂಗ್ಲಿಷ್ ಕೀಲಿಗಳು ಕನ್ನಡದ ಅಕ್ಷರಗಳಾಗಿ ಮೂಡುತ್ತವೆ. ಈ ಮಾರ್ಪಾಟಿನ ನಿಯಮಗಳಿರುವುದು ಜಾವಾಸ್ಕ್ರಿಪ್ಟ್ ಭಾಷೆಯ ಒಂದು ಸಣ್ಣ ಕಡತದಲ್ಲಿ.

ದೊಡ್ಡ ಜಾಲತಾಣಗಳನ್ನು ಕಟ್ಟುವವರು ಪ್ರತಿಯೊಂದು ಪುಟವನ್ನೂ ಮೊದಲಿನಿಂದ ಬರೆಯುವುದಿಲ್ಲ. ಹುಡುಕುವ ಚೌಕ, ಬರೆಯುವ ಚೌಕ, ದಿನಾಂಕದ ಪಟ್ಟಿ ಮೊದಲಾದುವನ್ನು ಒಮ್ಮೆ ಘಟಕಗಳಾಗಿ ರಚಿಸಿ, ಬೇಕಾದ ಪುಟಗಳಲ್ಲೆಲ್ಲ ಬಳಸುತ್ತಾರೆ. ಇದಕ್ಕೆ ನೆರವಾಗುವ ಸಿದ್ಧ ಚೌಕಟ್ಟಿಗೆ ಫ್ರೇಮ್‌ವರ್ಕ್ ಎಂದು ಹೆಸರು. ಹಾಗಾದರೆ, ಘಟಕವನ್ನು ನಡೆಸುವ ಸ್ಕ್ರಿಪ್ಟ್ ಕಡತವನ್ನು ಪುಟಕ್ಕೆ ಸೇರಿಸುವುದು ಹೇಗೆ?

ಕೆಲವರು ಎಲ್ಲ ಘಟಕಗಳ ಸ್ಕ್ರಿಪ್ಟನ್ನೂ ಒಂದೇ ಕಡತವಾಗಿ ಕೂಡಿಸಿ, ಎಲ್ಲ ಪುಟಗಳಿಗೂ ಕಳುಹಿಸುತ್ತಾರೆ. ಚಿಕ್ಕ ತಾಣಕ್ಕೆ ಇದು ಸಾಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಾಣವು ಬೆಳೆದಂತೆಲ್ಲ, ಬರಿದೆ ಓದಲು ಬಂದವನೂ ತನಗೆ ಬೇಡದ ಹೊರೆಯನ್ನು ಇಳಿಸಿಕೊಳ್ಳಬೇಕಾಗುತ್ತದೆ. ಅಗ್ಗದ ಮೊಬೈಲು, ಮಂದವಾದ ಸಂಪರ್ಕ ಉಳ್ಳವನಿಗೆ ಈ ದಂಡ ಹೆಚ್ಚು. ಮತ್ತೆ ಕೆಲವರು ಸ್ಕ್ರಿಪ್ಟನ್ನು ಘಟಕದ ಒಡಲಲ್ಲಿಯೇ ಬರೆದುಬಿಡುತ್ತಾರೆ. ಒಂದೇ ಪುಟದಲ್ಲಿ ಆ ಘಟಕವು ಎರಡು ಕಡೆ ಇದ್ದರೆ ಸ್ಕ್ರಿಪ್ಟೂ ಎರಡು ಸಲ ನಡೆದು, ಒಮ್ಮೆ ಒತ್ತಿದ ಗುಂಡಿಯಿಂದ ಎರಡು ಅರ್ಜಿಗಳು ಹೋಗುವ ಸಂಭವವುಂಟು.

ನನ್ನ ಮತದಲ್ಲಿ ಮೂರನೆಯ ದಾರಿಯೇ ಸರಿ. ಘಟಕವು ತನಗೆ ಬೇಕಾದ ಕಡತದ ಹೆಸರನ್ನು ಹೇಳಲಿ; ಅದನ್ನು ಬೇಕಾದಾಗ, ಒಂದೇ ಸಲ ತರುವ ಹೊಣೆ ಫ್ರೇಮ್‌ವರ್ಕಿನದಾಗಲಿ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವು 2011ರಲ್ಲಿಯೇ ರಿಸೋರ್ಸ್‌ಲೋಡರ್ ಎಂಬ ವ್ಯವಸ್ಥೆಯ ಮೂಲಕ ಈ ಕ್ರಮವನ್ನು ಹಿಡಿಯಿತು. ಅಲ್ಲಿಯ ಲಿಪ್ಯಂತರಣ, ಇನ್‌ಸ್ಕ್ರಿಪ್ಟ್ ಮೊದಲಾದ ಕನ್ನಡ ಕೀಲಿಮಣೆಗಳಿಗೆ ಬೇರೆಬೇರೆ ಕಡತಗಳಿವೆ. ನಮ್ಮ ವಿದ್ಯಾರ್ಥಿಯು ಆರಿಸಿದ ಕೀಲಿಮಣೆಯ ಕಡತವಷ್ಟೇ ಅವನಲ್ಲಿಗೆ ಬರುತ್ತದೆ. 2015ರ ಜಾವಾಸ್ಕ್ರಿಪ್ಟ್ ಮಾನಕದಲ್ಲಿ ಸೇರಿದ ಮಾಡ್ಯೂಲುಗಳ ನಡೆಯೂ ಇಂಥದೇ: ಪುಟದ ಎಷ್ಟು ಘಟಕಗಳು ಕೇಳಿದರೂ ಒಂದು ಮಾಡ್ಯೂಲು ನಡೆಯುವುದು ಒಮ್ಮೆ ಮಾತ್ರ.

ನಾಳೆ ಕನ್ನಡದ ಜಾಲತಾಣಗಳನ್ನು ಕಟ್ಟುವವರು ಇಂದಿನ ವಿದ್ಯಾರ್ಥಿಗಳೇ. ನೀವು ರಚಿಸಿದ ಪುಟವನ್ನು ಬ್ರೌಸರಿನಲ್ಲಿ ತೆರೆದು, ಯಾವ ಕಡತಗಳು ಬಂದುವು, ಅವುಗಳಲ್ಲಿ ಎಷ್ಟು ಕೆಲಸಕ್ಕೆ ಬಂದುವು ಎಂಬುದನ್ನು ಲೆಕ್ಕಹಾಕಿ ನೋಡಿರಿ. ಕೆಲಸವಿಲ್ಲದೆ ಬಂದ ಕಡತದ ಬೆಲೆಯನ್ನು ತೆರುವವನು ಬರೆದವನಲ್ಲ, ಓದುವವನು.